ಮಂಗಳಾರತಿಗೆ ಮುಂಚೆ

ಮೆಟಡೋರ್ ವ್ಯಾನು ಎರಡನೇ ಸಲ ಗುದ್ದಿದಾಗ ನನ್ನ ಯೆಜ್ಡಿಯ ಮಡ್‌ಗಾರ್ಡ್ ಕಳಚಿ ರಸ್ತೆಗೆ ಬಿತ್ತು!

"ಗಟ್ಟಿಯಾಗಿ ಹಿಡ್ಕೊಳಮ್ಮಾ!" ಎಂದು ಕೂಗಿದೆ.

ಹಿಂದೆ ಕುಳಿತಿದ್ದ ವಾರಿಜಾ ಆಗಲೇ ನನ್ನ ಷರಟಿನ ಕಾಲರ್ ಹಿಡಿದೆಳೆದು ಉಸಿರು ಕಟ್ಟಿಸಿದ್ದಳು.

ಬನಶಂಕರಿ ದಾಟಿ ಉತ್ತರಹಳ್ಳಿ ರಸ್ತೆ. ಎರಡೂ ಕಡೆ ರಾಗಿ ಹೊಲ. ಕೂಗಿದರೆ ಕೇಳಲು ಒಂದು ನರಪಿಳ್ಳೆಯೂ ಇಲ್ಲ. ಎದುರಿಗೆ ಹುಲ್ಲು ತುಂಬಿದ ಎತ್ತಿನ ಗಾಡಿ... ರಸ್ತೆಯೆಲ್ಲ ತನ್ನದೇ ಎನ್ನುವಂತೆ ಬರುತ್ತಿತ್ತು. ಪಕ್ಕದ ಸಂದಿಯಲ್ಲಿ ಬೈಕ್ ನುಗ್ಗಿಸಿದೆ. ಮೊಣಕಾಲಿನ ಚರ್ಮ ಗಾಡಿಯ ಚಕ್ರಕ್ಕೆ ಅಂಟಿಕೊಂಡು ಹೋಯಿತು.

ಮೆಟಡೋರ್‌ಗೆ ಆ ಸಂದಿ ಸಾಲಲಿಲ್ಲ.

ಹಾರ್ನ್... ಬೈಗುಳ... ಚರಂಡಿ!

ನನ್ನ ಪರಿಚಯ ಹೇಳಲಿಲ್ಲ ಅಲ್ಲವೇ? ಬೈಲಪ್ಪ. ಜಯನಗರದ ಸೈಕಲ್ ಶಾಪಿನ ಮಾಳಿಗೆಯಲ್ಲಿ ಆಫೀಸು. ಪ್ರೈವೇಟ್ ಡಿಟೆಕ್ಟಿವ್ ಎಂದು ಬೋರ್ಡು. ಇದು ಎಂಬತ್ತೆಂಟರ ಮಾತು. ಓಡಿಹೋದ ಗಂಡಂದಿರನ್ನು ಹುಡುಕಿಕೊಡುವುದೇ ಆಗ ನನ್ನ ಹೊಟ್ಟೆಪಾಡು. ಆವತ್ತು ಮಾತ್ರ ನಾನು ಫೀಸಿಗೆ ಹೋದವನಲ್ಲ.

ನನ್ನ ಗೆಳೆಯ ಸಂಜೀವಯ್ಯ, ಸುಬ್ರಹ್ಮಣ್ಯಪುರದ ಹತ್ತಿರ ಡ್ರಿಪ್ ಬಾಟಲಿ ತಯಾರಿಸುವ ಫ್ಯಾಕ್ಟರಿಯಲ್ಲಿ ಕ್ವಾಲಿಟಿ ಆಫೀಸರ್. ಒಂದು ಬ್ಯಾಚಿನಲ್ಲಿ ಬೂಷ್ಟು ಕಂಡ. ಬೂಷ್ಟು! ರೋಗಿಯ ರಕ್ತಕ್ಕೆ ನೇರವಾಗಿ ಇಳಿಯುವ ನೀರಿನಲ್ಲಿ! ತಕ್ಷಣ ಆ ಬ್ಯಾಚು ಗೇಟು ದಾಟದಂತೆ ಕಂಪ್ಯೂಟರಿನಲ್ಲಿ ಹೋಲ್ಡ್ ಹಾಕಿದ. ಆ ಹೋಲ್ಡ್ ತೆಗೆಯುವ ಅಧಿಕಾರ ಇಡೀ ಫ್ಯಾಕ್ಟರಿಯಲ್ಲಿ ಅವನೊಬ್ಬನಿಗೇ.

ಮರುದಿನ ಬೆಳಿಗ್ಗೆ ಅವನ ಸ್ಕೂಟರಿಗೆ ಒಂದು ಮೆಟಡೋರ್ ಗುದ್ದಿತು. ಮಧ್ಯಾಹ್ನ ಅವನು ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದಾಗ ಅವನ ಹೆಸರಿನಲ್ಲೇ ಹೋಲ್ಡ್ ತೆಗೆದಾಯಿತು!

ಇನ್ಸ್‌ಪೆಕ್ಟರ್ ತಿಮ್ಮರಾಯಪ್ಪನವರ ಹತ್ತಿರ ಓಡಿದೆ. ಕಾಲು ಹಿಡಿಯುವುದೊಂದು ಬಾಕಿ. ಅವರು ಫ್ಯಾಕ್ಟರಿಗೆ ಫೋನ್ ಮಾಡಿ, ರಿಸೀವರ್ ಇಟ್ಟು ನಕ್ಕರು.

"ಹೆಸರು ಅವರದ್ದೇ ಇದೆಯಂತಲ್ರೀ. ಕಂಪ್ಯೂಟರ್ ಸುಳ್ಳು ಹೇಳುತ್ತಾ?"

ಸಂಜೆ ಲಾರಿ ಹೊರಡುತ್ತದೆ. ಹೊರಟರೆ ಮುಗಿಯಿತು. ಯಾವ ಊರಿನ ಯಾವ ಮಗುವಿನ ಕೈಗೆ ಆ ಸೂಜಿ ಚುಚ್ಚುತ್ತಾರೋ...

ಆಸ್ಪತ್ರೆಗೆ ವಾಪಸ್ ಬಂದಾಗ ಸಂಜೀವಯ್ಯನ ಮಂಚದ ಪಕ್ಕ ವಾರಿಜಾ ಅಳುತ್ತ ನಿಂತಿದ್ದಳು. ಹೋಲ್ಡ್ ತೆಗೆದ ಸುದ್ದಿ ತಂದವಳೂ ಅವಳೇ. ಫ್ಯಾಕ್ಟರಿಯ ಪ್ರೋಗ್ರಾಮರ್. ಮ್ಯಾನೇಜರ್ ರೇವಣಸಿದ್ದಪ್ಪ ಆ ದಿನವೇ ಅವಳನ್ನು ಕೆಲಸದಿಂದ ಕಿತ್ತು, ಪಾಸ್‌ವರ್ಡನ್ನೂ ರದ್ದು ಮಾಡಿದ್ದ.

"ತಪ್ಪು ನಂದು ಸಾರ್. ಆಯುಧಪೂಜೆಗೆ ಒಂದು ಪ್ರೋಗ್ರಾಂ ಬರ್ದೆ. ಎಲ್ಲಾ ಸ್ಕ್ರೀನ್ ಮೇಲೂ ಒಟ್ಟಿಗೆ ಗಣಪತಿ ಬರೋ ಹಾಗೆ."

"ಅದ್ರಲ್ಲೇನು ತಪ್ಪು?"

"ಎಲ್ಲರ ಸ್ಕ್ರೀನ್ ಮುಟ್ಬೇಕಂದ್ರೆ ದೊಡ್ಡ ಅಧಿಕಾರ ಬೇಕು. ಅದನ್ನ ಪ್ರೋಗ್ರಾಂಗೇ ಕೊಟ್ಟೆ. ಪೂಜೆ ಯಾರು ಬೇಕಾದ್ರೂ ಶುರು ಮಾಡ್ಬಹುದು. ಮಂಗಳಾರತಿ ಆದ್ಮೇಲೆ ಅಧಿಕಾರ ವಾಪಸ್ ಹೋಗುತ್ತೆ. ಆದ್ರೆ ದೀಪ ಬಂದ್ಮೇಲೆ, ಆರತಿಗೆ ಮುಂಚೆ ಬ್ರೇಕ್ ಕೀ ಒತ್ತಿ ನಿಲ್ಲಿಸಿದ್ರೆ..."

"ಒತ್ತಿದ್ರೆ?"

"ಒತ್ತಿದವರ ಕೈಲೇ ಉಳ್ಕೊಳ್ಳುತ್ತೆ! ಇಡೀ ಡೇಟಾಬೇಸ್‌ಗೆ ಅವ್ರೇ ಯಜಮಾನ್ರು. ಯಾರ ಹೆಸರಲ್ಲಿ ಏನು ಬೇಕಾದ್ರೂ ಬರೀಬಹುದು. ಪೂಜೆ ದಿನ ಮ್ಯಾನೇಜರ್ ಎದುರಿಗೇ ಹಾಗಾಯ್ತು. ಅಳಿಸ್ತೀನಿ ಅಂದೆ. ದೇವರ ಪ್ರೋಗ್ರಾಂ ಅಳಿಸ್ತಾರೇನಮ್ಮಾ, ಅಪಶಕುನ ಅಂದ್ರು. ಎಲ್ಲರೂ ಹೌದೌದು ಅಂದ್ರು... ನಾನೂ ಸುಮ್ನಾದೆ."

"ರೇವಣಸಿದ್ದಪ್ಪ ಹೋದ ದಾರೀಲೇ ನಾವೂ ಹೋಗಿ ಮತ್ತೆ ಹೋಲ್ಡ್ ಹಾಕೋಕಾಗುತ್ತಾ?"

"ಯಾರದಾದ್ರೂ ಒಂದು ಲಾಗಿನ್ ಸಿಕ್ರೆ..."

ಅದಕ್ಕೇ ಈ ಓಟ.

ಗೇಟಿನ ಕ್ಯಾಬಿನ್ನಿನಲ್ಲಿ ವಾಚ್‌ಮನ್ ಪಾಪಯ್ಯ ಕಂಪ್ಯೂಟರ್ ಟರ್ಮಿನಲ್ ಮುಂದೆ ಕುಳಿತಿದ್ದ. ಅವನ ಲಾಗಿನ್‌ಗೆ ಗೇಟ್ ಪಾಸ್ ಪ್ರಿಂಟ್ ಮಾಡುವ ಅಧಿಕಾರ ಬಿಟ್ಟರೆ ಬೇರೇನೂ ಇಲ್ಲ. ಒಳಗಡೆ ಲಾರಿ ಎಂಜಿನ್ ಸ್ಟಾರ್ಟ್ ಆಗಿತ್ತು.

"ಮೇಡಂ, ನಿಮ್ಮನ್ನ ಒಳಕ್ಕೆ ಬಿಡಬ್ಯಾಡ ಅಂದವ್ರೆ."

"ಒಳಗೆ ಬರಲ್ಲ ಪಾಪಯ್ಯನೋರೇ. ಸಂಜೀವಯ್ಯ ಸಾರ್‌ಗೋಸ್ಕರ ಆ ದೇವರ ಪ್ರೋಗ್ರಾಂ ಒಂದ್ಸಲ ಹಾಕಿ ಹೋಗ್ತೀನಿ."

ಪಾಪಯ್ಯ ಟೋಪಿ ತೆಗೆದ. ಬೂಟು ಕಳಚಿದ. ಕುರ್ಚಿ ಬಿಟ್ಟುಕೊಟ್ಟ. ದೇವರಿಗೆ ಇಲ್ಲ ಎನ್ನುವ ಎದೆಗಾರಿಕೆ ಅವನಿಗಿರಲಿಲ್ಲ.

ಸ್ಕ್ರೀನಿನಲ್ಲಿ ಚುಕ್ಕಿ ಚುಕ್ಕಿಯಾಗಿ ಗಣಪತಿ ಮೂಡತೊಡಗಿದ. ಕಿರೀಟ... ಒಂದು ಕಿವಿ...

"ಯಾರೋ ಅದು?!"

ರೇವಣಸಿದ್ದಪ್ಪ! ಅವನ ಸ್ಕ್ರೀನಿನಲ್ಲೂ ಗಣಪತಿ ಮೂಡಿರಬೇಕು. ಜೊತೆಗೆ ಸೈಕಲ್ ಚೈನ್ ಹಿಡಿದ ರೌಡಿ. ನಾನು ಬಾಗಿಲಿಗೆ ಅಡ್ಡ ನಿಂತೆ. ಮೊದಲ ಏಟು ಭುಜಕ್ಕೆ. ಎರಡನೆಯದು ಕಿವಿಗೆ. ಕಣ್ಣು ಕತ್ತಲೆಗಟ್ಟಿತು.

"ಇನ್ನೂ ಎಷ್ಟು ಹೊತ್ತಮ್ಮಾ?!"

"ಸೊಂಡಿಲು ಬರ್ತಿದೆ ಸಾರ್! ದೀಪ ಬರೋವರೆಗೂ ಒತ್ತೋ ಹಾಗಿಲ್ಲ!"

ನಾನು ದೇವರನ್ನು ನಂಬುವವನಲ್ಲ. ಆದರೂ ಆ ಗಣಪತಿಗೆ ಬೇಗ ಬಾರಪ್ಪಾ ಎಂದು ಮನಸ್ಸಿನಲ್ಲೇ ಅಂಗಲಾಚಿದೆ. ಚೈನ್ ಮತ್ತೆ ಬೀಸಿ ಬಂತು. ಈ ಸಲ ಅದನ್ನು ಕೈಗೆ ಸುತ್ತಿಕೊಂಡು ಎಳೆದೆ. ರೌಡಿಯ ಮೂಗು ನನ್ನ ಹಣೆಗೆ ಸಿಕ್ಕಿತು! ಇಬ್ಬರೂ ನೆಲಕ್ಕೆ ಬಿದ್ದೆವು.

"ದೀಪ!" ವಾರಿಜಾ ಕಿರುಚಿದಳು. ಅವಳ ಬೆರಳುಗಳು ಕೀಲಿಗಳ ಮೇಲೆ ಓಡಿದವು.

ರೇವಣಸಿದ್ದಪ್ಪ ನನ್ನನ್ನು ತುಳಿದುಕೊಂಡೇ ಒಳನುಗ್ಗಿದ. ಅವಳನ್ನು ನೂಕಿದ.

"ಏಯ್ ಪಾಪಯ್ಯ, ಪಾಸ್ ಪ್ರಿಂಟ್ ಮಾಡೋ! ಲಾರಿ ಬಿಡು!"

ಪಾಪಯ್ಯ ಒತ್ತಿದ. ಪ್ರಿಂಟರ್ ಕಿರ್ರೆಂದಿತು. ಅವನು ಚೀಟಿ ಹರಿದು ನೋಡಿದ.

"ಹೋಲ್ಡ್ ಅಂತ ಐತೆ ಸಾರ್. ಸಂಜೀವಯ್ಯನೋರು ಹಾಕವ್ರೆ."

"ಅವನ ಕೈಲಾಗಲ್ಲ ಕಣೋ!"

"ಅದೆಲ್ಲ ನಂಗೊತ್ತಿಲ್ಲ ಸಾರ್. ಪಾಸಿಲ್ಲ ಅಂದ್ರೆ ಗೇಟಿಲ್ಲ."

ಗೇಟಿಗೆ ಬೀಗ ಜಡಿದು ಕೀಲಿಯನ್ನು ಚಡ್ಡಿಯ ಜೇಬಿಗೆ ಇಳಿಸಿದ. ಕೂಗಾಟಕ್ಕೆ ಊರೇ ಸೇರಿತು. ಯಾರೋ ಫೋನ್ ಮಾಡಿ ತಿಮ್ಮರಾಯಪ್ಪನವರನ್ನೂ ಕರೆಸಿದರು. ಲಾರಿಯಿಂದ ಒಂದು ಬಾಟಲಿ ಇಳಿಸಿ ಅವರ ಮುಖದೆದುರು ಬೆಳಕಿಗೆ ಹಿಡಿದೆ. ಒಳಗೆ ಹತ್ತಿಯ ಎಳೆಯಂಥದ್ದು ತೇಲುತ್ತಿತ್ತು. ಅವರು ರೇವಣಸಿದ್ದಪ್ಪನ ಕೊರಳಪಟ್ಟಿ ಹಿಡಿದರು.

ಸುದ್ದಿ ಹೇಳೋಣವೆಂದು ಕ್ಯಾಬಿನ್ನಿನಿಂದ ಆಸ್ಪತ್ರೆಗೆ ಫೋನ್ ಮಾಡಿದೆ.

ನಾವು ಗೇಟು ಮುಟ್ಟುವ ಮುಂಚೆಯೇ ಸಂಜೀವಯ್ಯ ಹೋಗಿಬಿಟ್ಟಿದ್ದ.

ಅಲ್ಲೇ ಕುಸಿದು ಕುಳಿತು ಅತ್ತೆ. ಡಿಟೆಕ್ಟಿವ್ ಅಳಬಾರದು ಎಂದು ಯಾವ ಕಾನೂನಿನಲ್ಲೂ ಬರೆದಿಲ್ಲ. ವಾರಿಜಾ ನನ್ನ ಪಕ್ಕದಲ್ಲೇ ಕುಳಿತಳು.

ತಿಮ್ಮರಾಯಪ್ಪನವರು ಆ ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಏನ್ರೀ ಇದು ಬೈಲಪ್ಪ? ನಾಲ್ಕು ಗಂಟೆಗೆ ಸತ್ತವರು ಐದಕ್ಕೆ ಹೇಗ್ರೀ ಹೋಲ್ಡ್ ಹಾಕಿದ್ರು?"

ನಾನು ಕಣ್ಣು ಒರೆಸಿಕೊಂಡೆ.

"ಹೆಸರು ಅವನದ್ದೇ ಇದೆಯಲ್ಲ ಸಾರ್... ಕಂಪ್ಯೂಟರ್ ಸುಳ್ಳು ಹೇಳುತ್ತಾ?"