ಖಾಲಿ ಮನೆಗೆ ಹೇಳಿದ ಮಾತು

"ಈ ಹಾಡು ಬೇಡ. ಬೇರೆ ಯಾವುದಾದ್ರೂ ತನ್ನಿ."

ಅವಳು ಹಾಳೆಯನ್ನು ಮೇಜಿನ ಮೇಲೆ ಅವನ ಕಡೆಗೆ ತಳ್ಳಿದಳು.

"ಯಾಕೆ? ಏನಾಗಿದೆ ಇದಕ್ಕೆ?"

"ನೀವೇ ಒಂದ್ಸಲ ಜೋರಾಗಿ ಓದಿ ನೋಡಿ. 'ವಿರಹದ ಕುಲುಮೆಯಲಿ ವಿಹ್ವಲ ವಿಹಂಗ ನಾ'... ಚೆನ್ನಾಗಿರೋ ನಾಲಿಗೆನೇ ಎಡವುತ್ತೆ. ನಿಮ್ಮ ಅಮ್ಮನಿಗೆ ಈಗ 'ನೀರು' ಅನ್ನೋಕೂ ಆಗ್ತಿಲ್ಲ. ಬರೆದವರಿಗೆ ಹಾಡೋರ ಉಸಿರಿನ ಮೇಲೆ ಸ್ವಲ್ಪನೂ ಕರುಣೆ ಇದ್ದ ಹಾಗಿಲ್ಲ."

ಅವನು ಹಾಳೆಯನ್ನು ನೋಡಿದ. ಅವಳನ್ನು ನೋಡಿದ. ಕಿವಿ ಕೆಂಪಾಯಿತು.

"ಬರೆದಿದ್ದು ನಾನೇ."

ಅವಳಿಗೆ ಕೂತಲ್ಲೇ ಭೂಮಿಗಿಳಿದು ಹೋದಂತಾಯಿತು. ಅಷ್ಟರಲ್ಲಿ ಗಾಲಿಕುರ್ಚಿಯಿಂದ ಒಂದು ಸದ್ದು ಬಂತು. ಅವನ ತಾಯಿ ನಗುತ್ತಿದ್ದರು. ಬಾಯಿಯ ಒಂದೇ ಬದಿ ಮೇಲೇರಿತ್ತು, ಭುಜ ಕುಲುಕುತ್ತಿತ್ತು.

ಅವನು ಕೋಪವನ್ನೇ ಮರೆತು ತಾಯಿಯ ಮುಖ ನೋಡಿದ. ಸ್ಟ್ರೋಕ್ ಆಗಿ ಎರಡು ತಿಂಗಳಾಗಿತ್ತು. ಅಂದಿನಿಂದ ಅವರು ನಕ್ಕಿರಲಿಲ್ಲ.

ಅವಳು ಆಸ್ಪತ್ರೆಯಲ್ಲಿ ಮಾತಿನ ಚಿಕಿತ್ಸೆ ಕೊಡುವವಳು. ರೋಗಿಗಳ ಬಾಯಲ್ಲಿ 'ಮಾತಿನ ಟೀಚರ್'. ಅವನು ಸಿನಿಮಾ ಹಾಡು ಬರೆಯುವವನು, ಇನ್ನೂ ಹೆಸರು ಮಾಡದವನು. ರಿಸೆಪ್ಷನ್ ಅಕ್ಕ ಅವನಿಗೆ 'ಕವಿಗಳು' ಎಂದು ಹೆಸರಿಟ್ಟಿದ್ದಳು. ಅವನ ತಾಯಿ ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ದಿನಕ್ಕೆ ಸಾವಿರ ಜನರೊಂದಿಗೆ ಮಾತಾಡಿದ ಬಾಯಿ ಈಗ 'ಹಾಂ' ಎಂಬಲ್ಲಿಗೆ ಬಂದು ನಿಂತಿತ್ತು.

"ನೋಡಿ," ಅವಳು ಧ್ವನಿ ತಗ್ಗಿಸಿದಳು. "ಮಾತು, ಹಾಡು ಎರಡೂ ತಲೆಯಲ್ಲಿ ಒಂದೇ ದಾರಿಯಲ್ಲಿ ಬರಲ್ಲ. ಮಾತಿನ ದಾರಿ ಮುಚ್ಚಿಹೋದವರಿಗೆ ಎಷ್ಟೋ ಸಲ ಹಾಡಿನ ದಾರಿ ತೆರೆದಿರುತ್ತೆ. ಅದಕ್ಕೇ ಅಮ್ಮನಿಗೆ ಬಾಯಿಪಾಠ ಇರೋ ಹಾಡು ಬೇಕು ಅಂದಿದ್ದು. ಅವರಿಗೆ ಯಾರ ಹಾಡು ಇಷ್ಟ?"

ಅವನು ತಾಯಿಯ ಕಡೆ ತಿರುಗಿದ.

ಮೂವತ್ತೆರಡು ವರ್ಷ ಒಂದೇ ಸೂರಿನಡಿ ಬಾಳಿದ್ದ. ಹಾಡು ಬರೆದೇ ಬದುಕುತ್ತಿದ್ದ. ಆದರೆ ತನ್ನ ತಾಯಿ ಅಡುಗೆ ಮಾಡುವಾಗ ಯಾರ ಹಾಡು ಗುನುಗುತ್ತಿದ್ದರು ಎಂಬುದೇ ಅವನಿಗೆ ಗೊತ್ತಿರಲಿಲ್ಲ.

"ನಾಳೆ ಹೇಳ್ತೀನಿ," ಎಂದು ಹಾಳೆ ಮಡಚಿ ಜೇಬಿಗಿಟ್ಟುಕೊಂಡ.

ಮರುದಿನ ಅವನು ರಟ್ಟು ಕಿತ್ತುಹೋದ ಒಂದು ನೋಟ್‌ಪುಸ್ತಕ ತಂದ. ತಾಯಿಯ ಬೀರುವಿನಲ್ಲಿ, ಬೆಡ್‌ಶೀಟುಗಳ ಕೆಳಗೆ ಸಿಕ್ಕಿತಂತೆ. ಡ್ಯೂಟಿಯ ಬಿಡುವಿನಲ್ಲಿ ಬರೆದುಕೊಂಡ ಹಾಡುಗಳು. ಎಲ್ಲವೂ ಒಬ್ಬನದ್ದೇ.

"ಕಂಡಕ್ಟರ್ ಕವಿ ಅಂತಿದ್ರಂತೆ. ಬಸ್ಸಿನಲ್ಲಿ ಟಿಕೆಟ್ ಹರೀತಾ ಹರೀತಾ ಹಾಡು ಕಟ್ಟುತ್ತಿದ್ದನಂತೆ. ಕಾಲೇಜಲ್ಲಿ ನಾವು ಅವನನ್ನ ಲೆಕ್ಕಕ್ಕೇ ಇಟ್ಟಿರ್ಲಿಲ್ಲ."

ಅವಳು ಮೊದಲ ಪುಟ ತೆರೆದಳು. ತಾಯಿಯ ಎಡಗೈ ಹಿಡಿದು, ಮೇಜಿನ ಮೇಲೆ ಮೆಲ್ಲಗೆ ತಾಳ ಹಾಕಿಸುತ್ತ ಹಾಡಿದಳು.

*"ಎಲ್ಲಿ ಇದ್ದೆ ಇಷ್ಟು ದಿನ,*
*ಬಾಗಿಲಲ್ಲೇ ನಿಂತೆಯಾ?*
*ಒಳಗೆ ಬಾರೋ, ಕೂತು ಹೇಳೋ,*
*ಊಟ ಮಾಡಿ..."*

ಅಲ್ಲಿಗೆ ಬೇಕೆಂದೇ ನಿಲ್ಲಿಸಿದಳು.

ತಾಯಿಯ ತುಟಿ ನಡುಗಿತು. ಕುತ್ತಿಗೆಯ ನರ ಉಬ್ಬಿತು.

"...ಬಂ... ದೆ... ಯಾ?"

ಅವನು ಕುರ್ಚಿಯಿಂದ ಎದ್ದ. ಮತ್ತೆ ಕೂತ. ಕೊನೆಗೆ ಗೋಡೆಯ ಕಡೆ ತಿರುಗಿ ಮುಖ ಒರೆಸಿಕೊಂಡ. ಅವಳು ನೋಡದ ಹಾಗೆ ನಟಿಸಿದಳು.

ವಾರಕ್ಕೆ ಮೂರು ದಿನ ತರಗತಿ. ಮುಗಿದ ಮೇಲೆ ತಾಯಿಯನ್ನು ಕೈಕಾಲು ವ್ಯಾಯಾಮಕ್ಕೆ ಕರೆದೊಯ್ಯುತ್ತಿದ್ದರು. ಆ ಅರ್ಧ ಗಂಟೆ ಇಬ್ಬರೂ ಮೊಗಸಾಲೆಯ ಬೆಂಚಿನ ಮೇಲೆ ಮಷೀನಿನ ಕಾಫಿ ಹಿಡಿದು ಜಗಳವಾಡುತ್ತಿದ್ದರು.

"ನಿಮ್ಮ ಪ್ರಕಾರ ಹಾಡು ಅಂದ್ರೆ 'ಊಟ ಆಯ್ತಾ' ಅಂತ ಕೇಳೋದಾ?" ಅವನು ಕೆಣಕುತ್ತಿದ್ದ. "ನಮ್ಮ ಕಾಲೇಜಿನ ಮೇಷ್ಟ್ರು ಬರೆದ ಹಾಡು ಕೇಳಿದ್ದೀರಾ? ಒಂದೊಂದು ಪದ ಕಲ್ಲಲ್ಲಿ ಕೆತ್ತಿದ ಹಾಗೆ."

"ಕೇಳಿದ್ದೀನಿ. ಕಲ್ಲು ಅಂತ ನೀವೇ ಅಂದ್ರಲ್ಲ. ಅದನ್ನ ಬಾಯಲ್ಲಿ ಹಾಕ್ಕೊಂಡು ಅಗಿಯೋದು ಹೇಗೆ?"

"ಕಂಡಕ್ಟರ್ ಹಾಡಲ್ಲಿ ಅಂಥದ್ದೇನಿದೆ, ನೀವೇ ಹೇಳಿ."

"ಪ್ರಶ್ನೆ ಇದೆ. ಪ್ರಶ್ನೆ ಕೇಳಿದ್ರೆ ಉತ್ತರ ಕೊಡ್ಬೇಕು ಅಂತ ಬಾಯಿಗೆ ತಾನಾಗೇ ಅನ್ಸುತ್ತೆ. ಸಾಲಿನ ಕೊನೆಗೆ 'ಆ' ಅಂತ ಬಾಯಿ ತೆರೆಯುತ್ತೆ, ಉಸಿರು ತಗೊಳ್ಳೋಕೆ ಜಾಗ ಇದೆ. ಎಲ್ಲಕ್ಕಿಂತ ಹೆಚ್ಚಾಗಿ, ಆ ಮಾತೆಲ್ಲ ನಾವು ಮೊದಲೇ ಆಡಿರೋ ಮಾತು. ಅವನು ರಾಗ ಹಾಕಿ ವಾಪಸ್ ಕೊಟ್ಟಿದ್ದಾನೆ ಅಷ್ಟೆ."

ಅವನ ಕಾಲು ನೆಲದ ಮೇಲೆ ಟಪಟಪ ಬಡಿಯುತ್ತಿತ್ತು. ಒಬ್ಬ ಸಂಗೀತ ನಿರ್ದೇಶಕ ಐದು ಹಾಡು ಬರೆದುಕೊಡಲು ಹೇಳಿದ್ದ. ಎರಡು ತಿಂಗಳಿಂದ ಒಂದು ಸಾಲೂ ಹುಟ್ಟಿರಲಿಲ್ಲ.

"ನಿಮಗೆ ಯಾರ ಹಾಡು ಇಷ್ಟ?" ಒಂದು ದಿನ ಕೇಳಿದ.

"ಟೈಪಿಸ್ಟಮ್ಮ. ಯಾವುದೋ ಆಫೀಸಲ್ಲಿ ಟೈಪ್ ಮಾಡ್ತಿದ್ರಂತೆ. ಒಟ್ಟು ಹದಿನೇಳೋ ಹದಿನೆಂಟೋ ಹಾಡು. ಗಂಡ ಹೋದ ಮೇಲೆ ಬರೆದ ಒಂದು ಹಾಡಿದೆ. 'ನಿನ್ನ ಅಂಗಿ ಒಣಗಿದೆ, ಮಡಚಲೋ ಬೇಡವೋ' ಅಂತ. ಇಡೀ ಹಾಡಲ್ಲಿ ಅಳು, ಕಣ್ಣೀರು, ಸಾವು ಅನ್ನೋ ಪದನೇ ಇಲ್ಲ. ಬರೀ ಅಂಗಿ."

ಅವಳು ಕಪ್ಪನ್ನು ಬೆಂಚಿನ ಮೇಲಿಟ್ಟಳು. ಕಾಫಿ ತಣ್ಣಗಾಗುತ್ತಿತ್ತು. ಯಾಕೋ ಅಂದು ಮಾತು ತಾನಾಗಿಯೇ ಹೊರಬಂತು.

"ನಮ್ಮಮ್ಮ ಹೋಗಿ ಒಂದೂವರೆ ವರ್ಷ ಆಯ್ತು. ಮನೇಲಿ ನಾನೊಬ್ಬಳೇ. ಆದ್ರೂ ಬೆಳಿಗ್ಗೆ ಬೀಗ ಹಾಕೋವಾಗ 'ಬರ್ತೀನಿ' ಅಂತ ಹೇಳಿಬಿಡ್ತೀನಿ. ಖಾಲಿ ಮನೆಗೆ. ಬಾಯಿಗೆ ಇನ್ನೂ ಗೊತ್ತಾಗಿಲ್ಲ, ನೋಡಿ."

ನಗಲು ಹೋದಳು. ಆಗಲಿಲ್ಲ. ಅವನು ಸಮಾಧಾನ ಹೇಳಲು ಹೋಗಲಿಲ್ಲ. ಕೈಯಲ್ಲಿದ್ದ ಕರವಸ್ತ್ರವನ್ನು ಬೆಂಚಿನ ಮೇಲೆ, ಇಬ್ಬರ ನಡುವೆ ಇಟ್ಟ, ಅಷ್ಟೆ.

ಅಂದು ಸಂಜೆ ಬಸ್ಸಿನಲ್ಲಿ ಅವಳಿಗೆ ತನ್ನ ನಿಲ್ದಾಣ ಬಂದದ್ದೇ ತಿಳಿಯಲಿಲ್ಲ. 'ಇಷ್ಟು ದಿನ ಯಾರಿಗೂ ಹೇಳದ್ದನ್ನ ಇವನಿಗೆ ಯಾಕೆ ಹೇಳಿದೆ...' ಎರಡು ನಿಲ್ದಾಣ ಹಿಂದಕ್ಕೆ ನಡೆಯುವಾಗಲೂ ಅದೇ ಯೋಚನೆ.

ಹದಿನೈದು ದಿನ ಕಳೆದಿರಬೇಕು. ರಿಸೆಪ್ಷನ್ ಅಕ್ಕ ರಿಜಿಸ್ಟರ್ ತುಂಬುತ್ತ ಗುನುಗುತ್ತಿದ್ದಳು. ಸಹಿ ಮಾಡಲು ಬಗ್ಗಿದ್ದ ಮಾತಿನ ಟೀಚರ್ ಹಾಗೇ ನಿಂತಳು.

*"ಖಾಲಿ ಮನೆಗೆ ಹೇಳಿ ಬಂದೆ,*
*ಬರ್ತೀನಿ ಅಂತ..."*

"ಅಕ್ಕಾ, ಏನದು?"

"ನಮ್ಮ ಕವಿಗಳ ಹಾಡು ಕಣೇ. ಸಿನಿಮಾದವ್ರು ಒಂದು ತುಣುಕು ಬಿಟ್ಟಿದ್ದಾರೆ. ಬೆಳಿಗ್ಗೆಯಿಂದ ಎಲ್ಲರ ಮೊಬೈಲಲ್ಲೂ ಇದೇ. ಎಂಥಾ ಸಾಲು ಅಲ್ವಾ? ನನಗೆ ನಮ್ಮ ತವರುಮನೆ ನೆನಪಾಯ್ತು."

ಅವಳು ಸಹಿ ಮಾಡದೆಯೇ ಪೆನ್ನು ಕೆಳಗಿಟ್ಟಳು.

ಅಂದಿನಿಂದ ಅವಳಿಗೆ ಎಲ್ಲೂ ನಿಲ್ಲಲಾಗಲಿಲ್ಲ. ಲಿಫ್ಟಿನಲ್ಲಿ ಆ ಹಾಡು. ಕ್ಯಾಂಟೀನಿನಲ್ಲಿ ಆ ಹಾಡು. ಯಾರದೋ ಫೋನಿನ ರಿಂಗ್‌ಟೋನ್ ಕೂಡ ಅದೇ. ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿದಳು. ಕ್ಯಾಂಟೀನ್ ಬಿಟ್ಟು ಕಿಟಕಿಯ ಬಳಿ ನಿಂತು ಊಟ ಮಾಡಿದಳು. ಮನೆಯಲ್ಲಿ ಪಾತ್ರೆ ತೊಳೆಯುವಾಗ ಅವಳ ಬಾಯೇ ಅದನ್ನು ಗುನುಗತೊಡಗಿದಾಗ ನಲ್ಲಿಯನ್ನು ಜೋರಾಗಿ ತಿರುಗಿಸಿದಳು. ತನ್ನದೇ ಮಾತು, ಯಾರದೋ ಕಂಠದಲ್ಲಿ. ಓಡಿಸಿದಷ್ಟೂ ಮತ್ತೆ ಬಂದು ಕೂರುತ್ತಿತ್ತು.

ಅವನ ತಾಯಿಯ ತರಗತಿಯನ್ನು ಸಹೋದ್ಯೋಗಿಗೆ ವಹಿಸಿದಳು. ಅವನು ಫೋನ್ ಮಾಡಿದ. ಎತ್ತಲಿಲ್ಲ. ಮೊಗಸಾಲೆಯಲ್ಲಿ ಒಮ್ಮೆ ಎದುರಾದ.

"ಮೇಡಂ, ಒಂದೇ ಒಂದು ನಿಮಿಷ..."

"ಇನ್ನೂ ಏನಾದ್ರೂ ಹೇಳ್ಲಾ? ಬರ್ಕೊಳ್ಳೋಕೆ ಹಾಳೆ ತಂದಿದ್ದೀರಾ?"

ಅವನ ಮುಖ ಬಿಳಿಚಿತು. ಅವಳು ನಿಲ್ಲದೆ ನಡೆದಳು. ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮೂರು ವಾರ ಹೀಗೇ ಹೋಯಿತು.

ಒಂದು ಬೆಳಿಗ್ಗೆ ಫೈಲು ತೆಗೆದುಕೊಳ್ಳಲು ಸಹೋದ್ಯೋಗಿಯ ಕೋಣೆಗೆ ಹೋದಾಗ ಅವನ ತಾಯಿ ಅಲ್ಲಿದ್ದರು. ಅವಳನ್ನು ಕಂಡದ್ದೇ ತಡ, ಎಡಗೈ ಚಾಚಿ ಅವಳ ತೋಳು ಹಿಡಿದರು. ಹಿಡಿತ ಗಟ್ಟಿಯಾಗಿತ್ತು.

"ಹೇಗಿದ್ದೀರಮ್ಮ?"

ತಾಯಿ ತಲೆ ಅಲ್ಲಾಡಿಸಿದರು. ಅವರಿಗೆ ಬೇರೇನೋ ಹೇಳಬೇಕಿತ್ತು. ಹಣೆಯಲ್ಲಿ ಬೆವರು ಮೂಡಿತು.

"ಹಾ... ಹಾಡು..."

ಅವಳು ಪದ ತುಂಬಿಸಿ ಕೊಡಲಿಲ್ಲ. ಮಂಡಿಯೂರಿ ಕೂತು ಕಾದಳು.

"ಹಾಡು... ಕೊಡಲ್ಲ... ಅಂದ."

"ಯಾರಮ್ಮ?"

"ಮಗ. ಕೆಲಸ... ಹೋಯ್ತು." ತಾಯಿ ಅವಳ ಎದೆಯ ಕಡೆಗೆ ಬೆರಳು ತೋರಿಸಿದರು. "ನಿನ್ನ... ಮಾತು... ಅಂತ."

ಅವಳು ಸಹೋದ್ಯೋಗಿಯ ಮುಖ ನೋಡಿದಳು.

"ನಿನಗೆ ಹೇಳಬೇಡಿ ಅಂದಿದ್ರು ಕಣೇ," ಸಹೋದ್ಯೋಗಿ ನಿಟ್ಟುಸಿರಿಟ್ಟಳು. "ಆ ಹಾಡು ಸಿನಿಮಾಕ್ಕೆ ಬೇಡ ಅಂತ ವಾಪಸ್ ತಗೊಂಡಿದ್ದಾರೆ. ಸಂಗೀತ ನಿರ್ದೇಶಕರಿಗೆ ಕೋಪ ಬಂದು ಉಳಿದ ನಾಲ್ಕು ಹಾಡನ್ನೂ ಬೇರೆಯವರಿಗೆ ಕೊಟ್ರಂತೆ. ಹರಡಿಹೋದ ತುಣುಕನ್ನ ಮಾತ್ರ ಹಿಡಿಯೋಕಾಗಿಲ್ಲ. ನೀನು ಅವತ್ತು ಮೊಗಸಾಲೆಯಲ್ಲಿ ಬೈದೆಯಲ್ಲ, ಅದಕ್ಕಿಂತ ಎರಡು ದಿನ ಮೊದಲೇ ಇದೆಲ್ಲ ಆಗಿತ್ತು."

ತಾಯಿ ಈಗ ಆಡಿದ ಮಾತು ಕಂಡಕ್ಟರ್ ಕವಿಯ ಯಾವ ಹಾಡಿನಲ್ಲೂ ಇರಲಿಲ್ಲ. ಅವರೇ ಹುಡುಕಿ, ಜೋಡಿಸಿ ಆಡಿದ ಮೊದಲ ಮಾತು. ಅದನ್ನು ಮಗನಿಗಾಗಿ ಖರ್ಚು ಮಾಡಿದ್ದರು.

"ಎಲ್ಲಿದ್ದಾರಮ್ಮ ಅವ್ರು?"

"ಹೊರ... ಗೆ."

ಆಸ್ಪತ್ರೆಯ ಹಿಂದೆ, ಸ್ಕೂಟರ್ ನಿಲ್ಲಿಸುವ ಜಾಗದ ಮುಂದೆ ನಾಲ್ಕು ಮೆಟ್ಟಿಲು. ಅವನು ಅಲ್ಲಿ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದ. ಅವಳನ್ನು ಕಂಡು ನಿಂತ.

"ಇಲ್ಲಿ ಯಾಕಿದ್ದೀರಿ?"

"ಒಳಗಿದ್ರೆ ನಿಮಗೆ ಮುಜುಗರ ಅಂತ."

"ಒಂದು ಸಾಲು ತೆಗೆದು ಬೇರೆ ಹಾಕ್ಬಹುದಿತ್ತಲ್ಲ. ಇಡೀ ಕೆಲಸ ಯಾಕೆ ಕಳ್ಕೊಂಡ್ರಿ?"

"ತೆಗೆದು ನೋಡಿದೆ. ಅದನ್ನ ತೆಗೆದ್ರೆ ಅಲ್ಲಿ ಹಾಡೇ ಇರ್ಲಿಲ್ಲ. ಉಳಿದಿದ್ದೆಲ್ಲ ನಾನು ತುಂಬಿಸಿದ್ದು."

"ನನ್ನನ್ನ ಒಂದು ಮಾತು ಕೇಳ್ಬೇಕಿತ್ತು."

"ಕೇಳಿದ್ರೆ ಬೇಡ ಅಂತಿದ್ರಿ."

"ಹೌದು, ಅಂತಿದ್ದೆ."

"ಅದು ಗೊತ್ತಿದ್ದೇ ಕೇಳ್ಲಿಲ್ಲ." ಅವನು ತಲೆ ತಗ್ಗಿಸಲಿಲ್ಲ. "ಮರೆತೆ, ಯಾವುದೋ ಗುಂಗಲ್ಲಿ ಬರೆದುಬಿಟ್ಟೆ ಅಂತೆಲ್ಲ ಹೇಳ್ಬಹುದು. ಸುಳ್ಳಾಗುತ್ತೆ. ಎರಡು ತಿಂಗಳು ಬರಡಾಗಿ ಕೂತಿದ್ದೆ, ಆ ಮಾತು ಬಿಡೋಕೆ ಮನಸ್ಸಾಗ್ಲಿಲ್ಲ. ತಪ್ಪು ನಂದೇ."

ಅವಳು ಮೆಟ್ಟಿಲಿನ ಕಂಬಿ ಹಿಡಿದುಕೊಂಡಳು.

"ನನ್ನನ್ನ ಸುಟ್ಟಿದ್ದು ಹಾಡಲ್ಲ. ಹಾಡು ಕೇಳಿ ನನಗೇ ಅಳು ಬಂತು. ಆ ಬೆಂಚಿನ ಮೇಲೆ ಅಷ್ಟು ದಿನ ನೀವು ಕೂತಿದ್ದು ನನಗೋಸ್ಕರನಾ, ಇಲ್ಲ ಏನಾದ್ರೂ ಸಾಲು ಸಿಗುತ್ತೆ ಅಂತನಾ... ಅದೊಂದು ಗೊತ್ತಾಗದೆ ಒದ್ದಾಡಿ ಹೋದೆ."

ಅವನು ಮತ್ತೆ ಆ ತುದಿಯಿಂದ ಈ ತುದಿಗೆ ನಡೆಯತೊಡಗಿದ.

"ಅಮ್ಮನ ಕ್ಲಾಸ್ ಮುಗೀತಿದ್ದಿದ್ದು ಹನ್ನೊಂದಕ್ಕೆ. ನಾನು ಹತ್ತೂವರೆಯಿಂದ ಗಡಿಯಾರ ನೋಡ್ತಿದ್ದೆ. ಮನೇಲಿ ಎರಡೆರಡು ಅಂಗಿ ಬದಲಾಯಿಸಿ ಬರ್ತಿದ್ದೆ, ಅಮ್ಮ ನೋಡಿ ನಗೋರು. ಸಾಲು ಹುಡುಕೋಕೆ ಬರೋನು ಅಂಗಿ ಬದಲಾಯಿಸಲ್ಲ." ಅವನ ಧ್ವನಿ ಕುಗ್ಗಿತು. "ನಿಮ್ಮನ್ನ ಇಷ್ಟಪಡ್ತೀನಿ. ಇದಕ್ಕಿಂತ ಚೆನ್ನಾಗಿ ಹೇಳೋಕೆ ಮೂರು ವಾರ ಒದ್ದಾಡಿದೆ. ಆಗ್ಲಿಲ್ಲ."

ಅವಳ ಕಣ್ಣು ಮಂಜಾಯಿತು. 'ಇನ್ನೇನು ಬೇಕು ನನಗೆ...'

"ಸಾಕು, ಇಷ್ಟು ಸಾಕು," ಎಂದು ಮೆಟ್ಟಿಲಿನ ಮೇಲೆ ಕೂತಳು. "ಕೂತ್ಕೊ."

"ಏನಂದ್ರಿ?"

"ಕೂತ್ಕೊ ಅಂದೆ. ನೀನು ಆ ಕಡೆ ಈ ಕಡೆ ಓಡಾಡ್ತಿದ್ರೆ ನನಗೆ ತಲೆ ತಿರುಗುತ್ತೆ."

ಅವನು ಕೂತ. ಬಿಸಿಲಿಗೆ ಕಾದ ಮೆಟ್ಟಿಲು. ಇಬ್ಬರ ನಡುವೆ ಒಂದು ಗೇಣು ಜಾಗ.

"ನೀನು ಅಂದ್ರಿ."

"ಹೂಂ."

"ಹಾಗಾದ್ರೆ ನಾನೂ..."

"ಅದನ್ನೂ ನಾನೇ ಹೇಳಿಕೊಡ್ಬೇಕಾ?"

"ಬೇಡ." ಅವನು ಗಂಟಲು ಸರಿಮಾಡಿಕೊಂಡ. "ನಿನಗೆ... ನಿನಗೆ ಎಷ್ಟೊತ್ತಿಗೆ ಬಿಡುವು?"

"ಒಂದೂವರೆಗೆ."

"ಕಾಯ್ತೀನಿ."

ಅವಳು ಆ ಗೇಣು ಜಾಗವನ್ನೂ ಉಳಿಸದೆ ಸರಿದು ಕೂತು ಅವನ ತೋಳಿಗೆ ತಲೆ ಆನಿಸಿದಳು.

"ಕಾಯುವೆಯಂತೆ. ನನ್ನ ಮುಂದಿನ ಕ್ಲಾಸಿಗೆ ಇನ್ನೂ ಹತ್ತು ನಿಮಿಷ ಇದೆ. ಅದನ್ನ ಯಾಕೆ ಬಿಡ್ತೀಯ?"