ಬೆರಳಿಗಂಟದ ರಾಜ

ಬಹು ಕಾಲದ ಹಿಂದೆ, ಮಣಿಕೋಟೆ ಎಂಬ ರಾಜ್ಯದಲ್ಲಿ ರಾಜ ಇದ್ದೂ ಇಲ್ಲದಂತಿದ್ದ. ಕಜ್ಜಳನಾಥನೆಂಬ ಮಾಂತ್ರಿಕ ಅವನ ಆಳೆತ್ತರದ ತೈಲಚಿತ್ರ ಬರೆದು, ಅದರೊಳಗೇ ಅವನನ್ನು ಸೇರಿಸಿಬಿಟ್ಟಿದ್ದ. ಚಿತ್ರದ ರಾಜ ಅಮೃತಶಿಲೆಯ ವಿಗ್ರಹದಂತೆ ನುಣ್ಣಗೆ ನಿಂತಿದ್ದ. ಹಿಂದೆ ಕೆಂಪು ಪರದೆ, ಕಾಲ ಬಳಿ ಸಿಂಹ.

ಮಾಂತ್ರಿಕ ಅರಮನೆಯಲ್ಲೇ ಕೂತು ಡಂಗುರ ಹೊಡೆಸಿದ್ದ. ಈ ಚಿತ್ರ ನೋಡಿ ಬರೆಯಲು ಕಲಿಯುವವರು ಬರಲಿ, ಮೂರು ಹಗಲಲ್ಲಿ ಪಡಿಯಚ್ಚು ಬರೆಯಲಿ. ಹತ್ತನೆಯ ಹಗಲು ತಾನು ಬೆರಳಿಟ್ಟಾಗ ಬಣ್ಣ ಅಂಟದಿದ್ದರೆ ಒಳಗಿದ್ದವರೆಲ್ಲ ಹೊರಗೆ, ತಾನು ಒಳಗೆ. ಅಂಟಿದರೆ ಬರೆದವರು ಒಳಗೆ. ಒಬ್ಬೊಬ್ಬರು ಒಳಹೋದಂತೆ ಅವನ ಆಯಸ್ಸು ಹತ್ತು ವರ್ಷ ಹೆಚ್ಚುತ್ತಿತ್ತು.

ಹದಿನೆಂಟು ಮಂದಿ ಒಳಗೆ ಹೋದರು. ಹದಿನೆಂಟನೆಯವನು ಗಾಣದ ನಂಜಶೆಟ್ಟಿ. ಚಿತ್ರದ ಮೂಲೆಯಲ್ಲಿ ಕೊಡೆ ಹಿಡಿದು ನಿಂತಿದ್ದ. ಅಣ್ಣನನ್ನು ಮನೆಗೆ ಕರೆತರಲು ತಂಗಿ ಚಿಕ್ಕತಾಯಿ ಬಂದಳು. ಅವಳು ಕುಂಚ ಹಿಡಿದವಳೇ ಅಲ್ಲ.

ಮಾಂತ್ರಿಕ ಬಣ್ಣ ಕಲಸಲು ಬಟ್ಟಲು ತುಂಬ ಎಣ್ಣೆ ಕೊಟ್ಟ. ಪುಕ್ಕಟೆ ಸಿಕ್ಕಿದ್ದನ್ನು ಪರೀಕ್ಷಿಸದೆ ಬಳಸುವವಳಲ್ಲ ಅವಳು. ಮೂಸಿದಳು. ಹರಳೆಣ್ಣೆ; ವರ್ಷ ಕಳೆದರೂ ಒಣಗುವುದಲ್ಲ. ಮಾಂತ್ರಿಕ ಅತ್ತ ಹೋದೊಡನೆ ಅದನ್ನು ದೀಪಕ್ಕೆ ಸುರಿದಳು. ತಾನು ತಂದ, ಬೇಗ ಒಣಗುವ ಅಗಸೆ ಎಣ್ಣೆಯಲ್ಲಿ ಬಣ್ಣ ಕಲಸಿದಳು.

ಮೊದಲ ಹಗಲು ಪರದೆ ಬರೆಯಹೋದರೆ ಅದು ಗಾಳಿಯಿಲ್ಲದೆ ಹಾರಾಡಿತು, ಮಡಿಕೆ ಬದಲಾಯಿಸಿತು. ಚಿತ್ರದ ಮೇಲೆ ಅಡ್ಡಡ್ಡ, ಉದ್ದುದ್ದ ದಾರ ಕಟ್ಟಿದಳು. ಪರದೆ ದಾರದ ಚೌಕಗಳಲ್ಲಿ ಸಿಕ್ಕಿಕೊಂಡು ನಿಂತಿತು. ಒಂದೊಂದೇ ಚೌಕ ನೋಡಿ ಬರೆದಳು.

ಎರಡನೆಯ ಹಗಲು ಸಿಂಹ ಎದ್ದು ಗರ್ಜಿಸಿತು. ಬುತ್ತಿಯ ಜೊತೆ ಕಟ್ಟಿಕೊಂಡಿದ್ದ ಹಿಂಡಿಯನ್ನು ಅದರ ಮುಂದೆ ಹಾಕಿದಳು. ಎಷ್ಟು ವರ್ಷದ ಹಸಿವೋ, ದನದ ಮೇವೆಂದು ನೋಡದೆ ತಿಂದು ಮಲಗಿತು. ಮಲಗಿದ್ದ ಹಾಗೇ ಬರೆದಳು, ಅಣ್ಣನನ್ನೂ ಉಳಿದ ಹದಿನೇಳು ಮಂದಿಯನ್ನೂ ಬರೆದಳು. ಬೆಳಕಿನ ಮೇಲೆ ನೆರಳು ತೆಳುವಾಗಿ ಹಚ್ಚುವುದು ಆ ದಿನ ಕೈಗೆ ಹತ್ತಿತು.

ಮೂರನೆಯ ಹಗಲು ರಾಜನ ಮುಖ. ನೋಡಿದವರಿಗೆ ಕೈ ಮುಗಿಯಬೇಕೆನಿಸುವ ಮುಖ. ಮುಗಿದ ಕೈಯಲ್ಲಿ ಬರೆಯುವುದೆಂತು? ಚಿಕ್ಕತಾಯಿ ಚಿತ್ರವನ್ನೇ ತಲೆಕೆಳಗು ಮಾಡಿ ಗೋಡೆಗೊರಗಿಸಿದಳು.

"ಏ ಹುಡುಗಿ, ನಾನು ರಾಜ," ಎಂದಿತು ಚಿತ್ರ.

"ತಲೆಕೆಳಗಾದರೆ ನಿಮ್ಮದೂ ಬರೀ ಮೂಗೇ, ಬುದ್ಧಿ. ಅಲ್ಲಾಡಬೇಡಿ."

ಮೂಗನ್ನು ಮೂಗಿನಂತೆ, ಗಲ್ಲವನ್ನು ಗಲ್ಲದಂತೆ ಬರೆದು ನೆಟ್ಟಗೆ ನಿಲ್ಲಿಸಿದಾಗ ಎರಡು ಚಿತ್ರಕ್ಕೂ ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲ.

ಹತ್ತನೆಯ ಹಗಲು ಮಾಂತ್ರಿಕ ನಗುತ್ತಾ ಅವಳ ಚಿತ್ರಕ್ಕೆ ಬೆರಳಿಟ್ಟ. ಬೆರಳು ಸ್ವಚ್ಛ. ಕೆನ್ನೆಗೆ ಉಜ್ಜಿದ, ಕಿರೀಟಕ್ಕೆ ಉಜ್ಜಿದ, ಸಿಂಹದ ಬಾಲಕ್ಕೂ ಉಜ್ಜಿದ.

"ಯಾವ ಎಣ್ಣೆಯೇ ಇದು?"

"ನಮ್ಮ ಗಾಣದ್ದು."

ಅಷ್ಟು ಹೊತ್ತಿಗೆ ಮೊಣಕಾಲಿನವರೆಗೆ ಅವನು ತಾನೇ ಬರೆದ ಚಿತ್ರದೊಳಗಿದ್ದ. ಮರುಕ್ಷಣ ಪೂರಾ ಒಳಗೆ. ರಾಜ ಕುತ್ತಿಗೆ ನೀವಿಕೊಳ್ಳುತ್ತಾ ಹೊರಬಂದ. ಅವನ ಹಿಂದೆ ಹದಿನೇಳು ಮಂದಿ, ಕೊನೆಗೆ ಕೊಡೆಯನ್ನು ಮಾಂತ್ರಿಕನ ಕೈಗಿಟ್ಟು ನಂಜಶೆಟ್ಟಿ.

"ಎಣ್ಣೆ ಮಾರೋನು ನೀನೇ ಎಣ್ಣೆ ಮೂಸಲಿಲ್ಲವೇನಣ್ಣ?"

"ಅರಮನೆಯದ್ದಲ್ಲವಾ ತಾಯಿ, ಹೇಗೆ ಮೂಸಲಿ," ಎಂದು ಅವನು ತಲೆ ಕೆರೆದುಕೊಂಡ. ರಾಜನೇ ಮೊದಲು ನಕ್ಕ.

ಆಮೇಲೆ ಚಿಕ್ಕತಾಯಿ ಆಸ್ಥಾನದ ಚಿತ್ರಗಾರ್ತಿಯಾದಳು, ಅಣ್ಣನ ಗಾಣದ ಅಗಸೆ ಎಣ್ಣೆ ಅರಮನೆಗೆ ಹೋಯಿತು. ಮಣಿಕೋಟೆಯವರೆಲ್ಲ ಹೊಟ್ಟೆ ತುಂಬ ಉಂಡು ನೆಮ್ಮದಿಯಾಗಿ ಬಾಳಿದರು. ಮಾಂತ್ರಿಕನ ಚಿತ್ರವನ್ನು ಸಭಾಂಗಣದಲ್ಲಿ ತಲೆಕೆಳಗಾಗಿ ತೂಗುಹಾಕಿದರು. ಅವನು ಈಗಲೂ ಕೊಡೆ ಹಿಡಿದೇ ಇದ್ದಾನೆ.