ಅಣಬೆ ನೋಡಲು ಬಂದ ಹುಡುಗ

ಹೆಣ್ಣು ನೋಡಲು ಬಂದವನು ಅಣಬೆ ನೋಡುತ್ತ ಕೂತರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ!

ಕೊಲ್ಲಮೊಗ್ರಿನ ಯಶಸ್ವಿ ಸೀರೆ ಉಟ್ಟು ಚಹಾ ಹಿಡಿದು ಬಂದರೆ, ಇಚಿಲಂಪಾಡಿಯ ಲತೀಶ್ ಜಗಲಿಯಲ್ಲೇ ಇಲ್ಲ. ದಾಸವಾಳದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು, ಬೆಳ್ಳಗೆ ಎದ್ದ ಅಣಬೆಯ ಅಡಿ ಇಣುಕುತ್ತಿದ್ದ.

"ಇದು ಯಾವ ಜಾತಿಯದ್ದೂಂತ ಗೊತ್ತುಂಟಾ?" ಅವನಾಡಿದ ಮೊದಲ ಮಾತು.

"ಅಮ್ಮ ಸಂಜೆ ಊಟಕ್ಕೆ ಇದರದ್ದೇ ಪದಾರ್ಥ ಮಾಡ್ತಾರಂತೆ."

"ಬೇಡ. ಗೊತ್ತಾಗದೆ ತಿನ್ಲಿಕ್ಕಿಲ್ಲ."

ಅಣಬೆ ಪೂರ್ತಿ ಅರಳಿದ ಮೇಲೆ ಫೋಟೋ ಬೇಕೆಂದು ಅವಳ ನಂಬರು ಪಡೆದು ಹೋದವನೇ... ಆಮೇಲೆ ಹೂಂ ಇಲ್ಲ, ಉಹೂಂ ಇಲ್ಲ. ಒಪ್ಪಿಗೆಯ ಮಾತು ಮೊದಲು ಗಂಡಿನ ಕಡೆಯಿಂದ ಬರಬೇಕು. ಮದುವೆ ದಲ್ಲಾಳಿ ದೇವದಾಸಣ್ಣ ಬಾಯಿಯೇ ಬಿಡಲಿಲ್ಲ. ಅಪ್ಪ ಮೇದಪ್ಪ ಕಾದು ಕಾದು ಸಾಕಾಗಿ, ಭಾನುವಾರ ಹೆಣ್ಣು ನೋಡಲು ಕಬಕದ ಬೇರೊಂದು ಗಂಡಿನ ಕಡೆಯವರನ್ನು ಬರಹೇಳಿದರು.

ಲತೀಶನ ಫೋನು ಮಾತ್ರ ತಪ್ಪುತ್ತಿರಲಿಲ್ಲ. ಅಣಬೆಯ ವಾಸನೆ ಹೇಗೆ? ಕಾಂಡಕ್ಕೆ ಬಳೆಯಂಥದ್ದು ಉಂಟಾ? ಅದರ ತಲೆಯನ್ನು ಬಿಳಿ ಕಾಗದದ ಮೇಲಿಟ್ಟು, ಬಟ್ಟಲು ಕವುಚಿ, ಬೆಳಗ್ಗೆ ನೋಡಬೇಕಂತೆ.

'ಅಣಬೆಗೇ ಕರಿಮಣಿ ಕಟ್ಟಲಿ ಇವ!' ಎಂದು ಹಲ್ಲು ಕಡಿಯುತ್ತಲೇ ಯಶಸ್ವಿ ಕಾಗದ ಹುಡುಕಿದಳು. ಫೋನು ಬಂದಾಗೆಲ್ಲ ಎದೆ ಹಾರುತ್ತಿತ್ತಲ್ಲ, ಅವಳಿಗೆ ಅದರ ಮೇಲೆ ಇನ್ನೂ ಹೆಚ್ಚು ಸಿಟ್ಟು.

ಶನಿವಾರ ಬೆಳಗ್ಗೆ ಬಟ್ಟಲೆತ್ತಿದರೆ ಕಾಗದದ ಮೇಲೆ ಹಸಿರು ಪುಡಿ! ಪದಾರ್ಥಕ್ಕೆ ಹಟ ಹಿಡಿದಿದ್ದ ಅಮ್ಮ ಸೇವಂತಿ ಎದೆಯ ಮೇಲೆ ಕೈಯಿಟ್ಟುಕೊಂಡರು. ಫೋಟೋ ಹೋದ ಕೂಡಲೇ ಲತೀಶ್ ಕರೆ ಮಾಡಿದ. ಹಸಿರು ಪುಡಿ ಬಿಡುವುದು ವಿಷದ ಜಾತಿಯಂತೆ, ತಿಂದರೆ ವಾಂತಿಯಂತೆ.

"ಗೊತ್ತಾಯ್ತಲ್ಲ? ಇನ್ನು ಫೋನ್ ಮಾಡುದು ಬೇಡ," ಎಂದಳು ಯಶಸ್ವಿ. "ನಾಳೆ ಕಬಕದವರು ನೋಡ್ಲಿಕ್ಕೆ ಬರ್ತಾರೆ."

ಲತೀಶ್ ಅಣಬೆಯ ಮಾತು ಅಲ್ಲಿಗೇ ಬಿಟ್ಟ.

"ಹಾಗಾದ್ರೆ ನಿಮಗೆ ನಾನು ಬೇಡವಾ?"

"ನನ್ನತ್ರ ಕೇಳಿದ್ದು ಯಾರು?"

"ನಾನು ಅವತ್ತೇ ದೇವದಾಸಣ್ಣನತ್ರ ಹೇಳಿದ್ದೆ. ನನಗೆ ಒಪ್ಪಿಗೆ ಉಂಟು, ಆದ್ರೆ ಮೊದಲು ಹುಡುಗಿಯತ್ರ ಕೇಳಿ ಅಂತ."

ಹುಡುಗಿಯತ್ರ ಮೊದಲು ಕೇಳುವ ಕ್ರಮ ಎಲ್ಲಿಯದು? ಹುಡುಗ ಆದರೆ-ಗೀದರೆ ಇಲ್ಲದೆ ಒಪ್ಪಿಗೆ ಹೇಳಿದ ಮೇಲೆ ನೋಡೋಣವೆಂದು ಪುಣ್ಯಾತ್ಮ ದೇವದಾಸ ಆ ಮಾತನ್ನು ಎಲೆಯಡಿಕೆಯ ಜೊತೆ ನುಂಗಿಬಿಟ್ಟಿದ್ದ.

"ಮತ್ತೆ ದಿನಾ ಅಣಬೆ, ಅಣಬೆ ಅಂತ..."

"ನಿಮ್ಮ ಉತ್ತರ ಬರ್ಲಿಲ್ಲ. ಬೇರೆ ಎಂತ ಹೇಳಿ ಫೋನ್ ಮಾಡುದು?"

ಯಶಸ್ವಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

"ಮಾರಾಯ್ರೆ, ಅಪ್ಪ ಇಲ್ಲೇ ಇದ್ದಾರೆ. ಫೋನ್ ಕೊಡ್ತೇನೆ. ಅಣಬೆ ಸುದ್ದಿ ತೆಗೀಬೇಡಿ."

"ಮತ್ತೆ ಎಂತ ಹೇಳುದು?"

"ಯಶಸ್ವಿ ಒಪ್ಪಿದ್ದಾಳೆ ಅಂತ ಹೇಳಿ."